ಬನ್ನಿಕಟ್ಟಿ ಸ್ಟೇಶನ್ನಿನ ಕಿಟಕಿ

ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾಗಿದ್ದ ಧೀರೇಂದ್ರ ಅವರು ಬೆಟಗೇರಿಯಲ್ಲಿ ಪರಶುರಾಮನ ಮನೆ ಹುಡುಕಿಕೊಂಡು ಬಂದದ್ದು ಯುಗಾದಿಯಾದ ಮರುವಾರ. ಬಸ್ಸುಗಳ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದಿದ್ದ ಪರಶುರಾಮ, ನಿವೃತ್ತಿಯ ಮೇಲೆ ಸುಮ್ಮನೆ ಕೂರಲಾರದೆ ಕಟ್ಟಿಗೆ ತಗಡುಗಳಲ್ಲಿ ಸಣ್ಣ ಸಣ್ಣ ಬಸ್ಸು, ಚಕ್ಕಡಿ, ಕೈಮಗ್ಗ ಮಾಡುತ್ತಿದ್ದ. ಅವನು ಮಾಡಿದ ಮಗ್ಗವೊಂದನ್ನು ಯಾವುದೋ ಶಾಲೆಯಲ್ಲಿ ನೋಡಿ ಧೀರೇಂದ್ರರು ಬೆರಗಾಗಿದ್ದರು. ಅದರ ಲಾಳಿ ಖರೆ ಲಾಳಿಯ ಹಾಗೆಯೇ ಓಡಾಡುತ್ತಿತ್ತು.

ಅವರಿಗೆ ಬೇಕಾಗಿದ್ದದ್ದು ರೈಲಿನ ಮಾದರಿ. ಗದಗದಿಂದ ಸೊರಟೂರ, ಬನ್ನಿಕಟ್ಟಿ, ಶಿರಹಟ್ಟಿ ಹಾದು ಲಕ್ಷ್ಮೇಶ್ವರದವರೆಗೆ ಒಂದು ಕಾಲಕ್ಕೆ ಸಣ್ಣ ಹಳಿಯ ಗಾಡಿಯೊಂದು ಓಡುತ್ತಿತ್ತು. ಅರಳೆ ಸಾಗಿಸಲೆಂದು ಒಂದು ಕಂಪನಿ ಹಾಕಿಸಿದ್ದ ಲೈನು ಅದು. ಎಪ್ಪತ್ತರ ಇಸವಿಯಲ್ಲಿ ನಿಂತುಹೋಯಿತು, ಹಳಿಗಳನ್ನು ಕಿತ್ತು ಮಾರಿದರು. ಧೀರೇಂದ್ರರ ತಂದೆ ನರಸಿಂಹ ಅವರು ಬನ್ನಿಕಟ್ಟಿಯಲ್ಲಿ ಸ್ಟೇಶನ್ ಮಾಸ್ತರರಾಗಿದ್ದವರು. ಬರುವ ಡಿಸೆಂಬರಿಗೆ ಅವರು ಹುಟ್ಟಿ ನೂರು ವರ್ಷ. ಗದಗದಲ್ಲಿ ಅವರ ಹೆಸರಿನ ಒಂದು ಸಭಾಭವನ ಆಗುತ್ತಿದೆ. ಅದರ ನಡುವೆ ಆ ಇಡೀ ಲೈನು, ಮುಖ್ಯವಾಗಿ ಬನ್ನಿಕಟ್ಟಿ ಸ್ಟೇಶನ್ನು, ಇದ್ದಂತೆಯೇ ಕಾಣಿಸಬೇಕು ಎಂಬುದು ಮಗನ ಆಸೆ.

ಪರಶುರಾಮ ಹಿಡಿದಿದ್ದ ಉಳಿಯನ್ನು ಕೆಳಗಿಟ್ಟ. ಮಾಡಿಕೊಡುತ್ತೇನೆ, ರೊಕ್ಕ ಬೇಡ ಅಂದ. ಅವನ ಕಡೆಯಿಂದ ಒಂದೇ ಬೇಡಿಕೆ.

“ನಿಮ್ಮಪ್ಪಾರ ಕಾಗದಪತ್ರ ಏನೇನ ಅದಾವು, ಎಲ್ಲಾ ನನಗ ನೋಡಾಕ ಕೊಡಬೇಕ್ರಿ. ಇದ್ದದ್ದ ಇದ್ದಾಂಗ ಆಗಬೇಕಂದ್ರ ಅವು ಬೇಕು.”

“ಒಂದು ಟ್ರಂಕ್ ತುಂಬ ಅವ,” ಎಂದರು ಧೀರೇಂದ್ರ ಖುಷಿಯಿಂದ. “ನಾನ ಇನ್ನೂ ಪೂರಾ ನೋಡಿಲ್ಲ. ಒಯ್ರಿ.”

ಹೋಗುವಾಗ, ತಂದೆಯ ಬಗ್ಗೆ ತಾವು ಬರೆದು ಅಚ್ಚು ಹಾಕಿಸಿದ್ದ ಪುಸ್ತಕದ ಒಂದು ಪ್ರತಿಯನ್ನು ಕೊಟ್ಟುಹೋದರು. ಅವರ ಕಾರು ತಿರುವು ದಾಟಿದ ಮೇಲೆ ಪರಶುರಾಮ ಅದನ್ನು ತೆರೆದು ಹಾಳೆ ತಿರುವುತ್ತ ಹೋದ. ಹುಡುಕುತ್ತಿದ್ದದ್ದು ನಲವತ್ತೊಂದನೆಯ ಪುಟದಲ್ಲಿ ಸಿಕ್ಕಿತು.

“ತಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ಕಿಟಕಿಯಿಂದ ಪೂಜ್ಯ ತಂದೆಯವರು ಆ ಭೀಕರ ದೃಶ್ಯವನ್ನು ಕಂಡರು. ಮದ್ಯಪಾನ ಮಾಡಿ ತೂರಾಡುತ್ತಿದ್ದ ಪಾಯಿಂಟ್‌ಮನ್ ಹುಲಗಪ್ಪನು ಹಿಡಿಕೆಯನ್ನು ತಪ್ಪು ದಿಕ್ಕಿಗೆ ಎಳೆದನು. ತಂದೆಯವರು ಕೂಗುತ್ತ ಹೊರಗೆ ಓಡುವಷ್ಟರಲ್ಲಿ ಎರಡು ಜೀವಗಳು ಹೋಗಿದ್ದವು.”

ಹುಲಗಪ್ಪ ಪರಶುರಾಮನ ಅಪ್ಪ.

ಅರವತ್ತೊಂಬತ್ತರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗದಗದಿಂದ ಬಂದ ಗಾಡಿ ನೇರ ಹಳಿಯ ಮೇಲೆ ಹೋಗಬೇಕಾದದ್ದು ಪಕ್ಕದ ಹಳಿಗೆ ಹೊರಳಿ, ಅಲ್ಲಿ ಅರಳೆ ತುಂಬುತ್ತಿದ್ದ ವ್ಯಾಗನ್ನುಗಳಿಗೆ ಹೊಡೆದಿತ್ತು. ಇಬ್ಬರು ಹಮಾಲರು ಸತ್ತರು. ಬೆಳಿಗ್ಗೆ ವ್ಯಾಗನ್ನು ಒಳಗೆ ತಳ್ಳಲು ಪಕ್ಕದ ಹಳಿಗೆ ತಿರುಗಿಸಿದ್ದ ಪಾಯಿಂಟನ್ನು, ಅಂದರೆ ಹಳಿ ಕವಲೊಡೆಯುವ ಜೋಡಣೆಯನ್ನು, ಯಾರೂ ವಾಪಸ್ ತಿರುಗಿಸಿರಲಿಲ್ಲ. ಗಾಡಿಗೆ ಬಾ ಎನ್ನುವ ಮೊದಲು ಪಾಯಿಂಟ್ ನೋಡಿ ಬರುವುದು ಸ್ಟೇಶನ್ ಮಾಸ್ತರರ ಕೆಲಸ. ಆದರೆ ಹುಲಗಪ್ಪ ಕುಡಿದು ಬಂದು ಆ ಹೊತ್ತಿಗೇ ಹಿಡಿಕೆ ಎಳೆದ, ನಾನೇ ಕಣ್ಣಾರೆ ಕಂಡೆ ಎಂದು ಮಾಸ್ತರರು ಹೇಳಿದರು. ವಿಚಾರಣೆ ನಡೆದದ್ದು ಗದಗದ ಒಂದು ಖೋಲಿಯಲ್ಲಿ. ಬನ್ನಿಕಟ್ಟಿಗೆ ಬಂದು ಯಾರೂ ನೋಡಲಿಲ್ಲ. ಹುಲಗಪ್ಪ ಆರು ತಿಂಗಳು ಜೈಲು ಕಂಡ, ನೌಕರಿ ಹೋಯಿತು. ಮರುವರ್ಷ ಲೈನೇ ನಿಂತಾಗ ಅದರ ದೋಷವೂ ಅವನ ತಲೆಗೇ ಬಂತು. ಎಂಟು ವರ್ಷದ ಪರಶುರಾಮನಿಗೆ ಶಾಲೆಯಲ್ಲಿ ‘ರೈಲು ನುಂಗಿದವನ ಮಗ’ ಎಂದು ಹೆಸರಾಯಿತು. ಸತ್ತ ಹಮಾಲರಲ್ಲಿ ಒಬ್ಬನಾದ ಮಕ್ತುಮಸಾಬನ ಹೆಂಡತಿ, ಇಪ್ಪತ್ತರ ಮೋತಿಬಿ, ಲಕ್ಷ್ಮೇಶ್ವರದಿಂದ ನಡೆದು ಬಂದು ಅವರ ಗುಡಿಸಲಿಗೆ ಕಲ್ಲು ಬೀರಿದಳು. ಒಂದು ಕಲ್ಲು ಅವ್ವ ತಿಪ್ಪವ್ವನ ಹಣೆ ಸೀಳಿತು.

ಅವರು ಊರು ಬಿಟ್ಟರು. ಮುಂಡರಗಿಯಾಚೆ, ಹೊಳೆಯ ದಂಡೆಯ ಕೊರ್ಲಹಳ್ಳಿ ಅವ್ವನ ತವರು. ಅಲ್ಲಿಯೇ ಉಸುಕು ಹೊತ್ತು ಬದುಕಿದರು. ಊರಿನ ಹೆಸರೇ ಅಡ್ಡಹೆಸರಾಯಿತು. ಹಾಗಾಗಿಯೇ ಪರಶುರಾಮ ಕೊರ್ಲಹಳ್ಳಿ ಎಂದರೆ ಯಾರೆಂದು ಧೀರೇಂದ್ರರಿಗೆ ಹೊಳೆಯಲಿಲ್ಲ.

ಹುಲಗಪ್ಪ ಒಂದೇ ಮಾತು ಹೇಳುತ್ತಿದ್ದ: “ನಾ ಅಲ್ಲಿ ಇರಲೇ ಇಲ್ಲ. ಮಾಸ್ತರ ಮನ್ಯಾಗ ಕಟಗಿ ಒಡ್ಯಾಕ ಹತ್ತಿದ್ನಿ.” ವಿಚಾರಣೆಯಲ್ಲೂ ಹೇಳಿದ. ಜೈಲಿನಿಂದ ಬಂದ ಮೇಲೂ ಹೇಳಿದ. ಕೇಳಿ ಕೇಳಿ ಮನೆಯವರಿಗೇ ಬೇಸರ ಬಂತು. ಹದಿನಾರರ ಸಿಟ್ಟಿನಲ್ಲಿ ಒಂದು ದಿನ ಪರಶುರಾಮ, ಕುಡಿದದ್ದು ನಿಜವೇನು ಅದನ್ನಷ್ಟು ಹೇಳು ಅಂದುಬಿಟ್ಟ. ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ಉಣ್ಣುತ್ತಿದ್ದ ತಾಟು ಬಿಟ್ಟೆದ್ದು ಹೊಳೆಯ ಕಡೆ ಹೋದ. ಅಂದಿನಿಂದ ಸಾಯುವವರೆಗೆ, ಅಂದರೆ ತೊಂಬತ್ತೊಂದರವರೆಗೆ, ಕಟ್ಟಿಗೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಮಾಸ್ತರರ ಮೇಲೆ ಪರಶುರಾಮನಿಗಿದ್ದ ಸಿಟ್ಟಿನಲ್ಲಿ ಈ ತಾಟಿನದೂ ಸೇರಿತ್ತು. ತನ್ನ ಬಾಯಿಂದ ಆ ಮಾತು ಹೊರಡಿಸಿದವರೂ ಅವರೇ ಎಂದು ಅವನು ನಂಬಿದ್ದ.

ಈಗ ಅವರ ಮಗ ತಾನಾಗಿ ಮನೆ ಬಾಗಿಲಿಗೆ ಬಂದಿದ್ದ.

ಪರಶುರಾಮನ ಮಗಳು ಪ್ರಿಯಾಂಕಾ ಶಿರಹಟ್ಟಿ ತಾಲೂಕಿನಲ್ಲಿ ಭೂಮಾಪಕಿ. ಹಳೆಯ ಗ್ರಾಮನಕ್ಷೆಗಳಲ್ಲಿ ರೈಲಿನ ಪಟ್ಟಿ ಹಾವಿನ ಪೊರೆಯ ಹಾಗೆ ಇನ್ನೂ ಬಿದ್ದಿತ್ತು. ಅವುಗಳ ನಕಲುಗಳನ್ನು ಅವಳು ತಂದುಕೊಟ್ಟಳು. ಅಪ್ಪ ಮಗಳು ಇಬ್ಬರೂ ಭಾನುವಾರಕ್ಕೊಮ್ಮೆ ಸ್ಕೂಟರ್ ಮೇಲೆ ಹೋಗಿ ಲೈನನ್ನು ತುಂಡುತುಂಡಾಗಿ ನಡೆದರು. ಕಟ್ಟೆಯ ಮಣ್ಣನ್ನು ಎಷ್ಟೋ ಕಡೆ ಹೊಲದವರು ಒಡ್ಡು ಮಾಡಿಕೊಂಡಿದ್ದರು. ಸೊರಟೂರಿನಲ್ಲಿ ಹಳಿಯ ಕೆಳಗಿನ ತೊಲೆಗಳು ಮನೆಗಳ ಬಾಗಿಲುವಾಡಗಳಾಗಿದ್ದವು. ಮೊಳೆಯ ತೂತುಗಳಿಂದ ಪರಶುರಾಮ ಅವನ್ನು ಗುರುತಿಸಿ, ತೂತಿನಿಂದ ತೂತಿಗೆ ಅಳೆದು ಹಳಿಯ ಅಗಲ ಬರೆದುಕೊಂಡ. ಶಿರಹಟ್ಟಿಯ ಹತ್ತಿರ ಒಂದು ಮೈಲಿಗಲ್ಲಿನ ಮೇಲೆ ದುರಗವ್ವ ಎಂಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಯಾವ ಮೈಲಿ ಎಂದು ನೋಡಬೇಕು ಅಂದದ್ದಕ್ಕೆ ಅವಳು ಒಗೆಯುವುದನ್ನು ನಿಲ್ಲಿಸಿ, ಕಲ್ಲು ತಿಕ್ಕಿ ತೊಳೆದು ಅಂಕಿ ತೋರಿಸಿದಳು.

ಇದೆಲ್ಲ ಅವನಿಗೆ ಇಷ್ಟವಾಗತೊಡಗಿತು. ಸೇಡಿಗೆಂದು ಹೊರಟವನು ಯಾವುದೋ ಮೋರಿಯ ಕಮಾನಿನ ಕಲ್ಲುಗಳನ್ನು ಎಣಿಸುತ್ತ ಅರ್ಧ ದಿನ ಕಳೆಯುತ್ತಿದ್ದ. ಮತ್ತೆ ತನ್ನ ಮೇಲೆ ತಾನೇ ಸಿಟ್ಟಾಗುತ್ತಿದ್ದ.

ಬನ್ನಿಕಟ್ಟಿಯಲ್ಲಿ ಸ್ಟೇಶನ್ನಿನ ಕಟ್ಟಡ ಉಳಿದಿತ್ತು. ಒಳಗೆ ಕುರಿಯ ಗೊಬ್ಬರ ತುಂಬಿದ್ದರು. ಮಾಸ್ತರರ ಖೋಲಿಯ ಕಿಟಕಿಗೆ ಸರಳು ಕೂಡ ಇದ್ದವು. ಪರಶುರಾಮ ಗೊಬ್ಬರದ ಮೇಲೆ ನಿಂತು ಆಚೆ ನೋಡಿದ. ಇನ್ನೂ ಮೊಣಕಾಲೆತ್ತರವಿದ್ದ ಜೋಳದ ಹೊಲದಾಚೆ, ಪಾಯಿಂಟಿನ ಹಿಡಿಕೆ ನೆಟ್ಟಿದ್ದ ಕಲ್ಲು ಸ್ವಚ್ಛವಾಗಿ ಕಾಣುತ್ತಿತ್ತು. ಮಾಸ್ತರರು ಕಂಡದ್ದು ನಿಜವಿರಬಹುದೇ?

ನಕ್ಷೆ ಬಿಚ್ಚಿ ಕೂತಿದ್ದ ಪ್ರಿಯಾಂಕಾ ನಡುವೆ ಒಂದು ಚೌಕದ ಮೇಲೆ ಬೆರಳಿಟ್ಟಳು. ಹೊಲದ ಜಾಗದಲ್ಲಿ ಆಗ ಮಾಲಿನ ತಗಡಿನ ಶೆಡ್ಡು ಇತ್ತು. ಎಪ್ಪತ್ನಾಲ್ಕರಲ್ಲಿ ಕಿತ್ತು ಒಯ್ದಿದ್ದರು.

ಹೊಲದ ಒಡೆಯ ಮುಸ್ತಾಕ ಬೆಳೆ ಕೊಯ್ಯುವವರೆಗೆ ತಡೆಯಿರಿ ಅಂದ. ತಡೆದರು. ಕೊಯ್ಲಾದ ಮೇಲೆ ಅವನೇ ಸಲಿಕೆ ಹಿಡಿದು ಬಂದ. ಮೊಳದಾಳದಲ್ಲಿ ಒಂದೊಂದಾಗಿ ಎಂಟು ಬುನಾದಿ ಕಲ್ಲುಗಳು ಸಿಕ್ಕವು, ತುಕ್ಕು ಹಿಡಿದ ಬೋಲ್ಟುಗಳ ಸಮೇತ. ಅರವತ್ತು ಅಡಿ ಉದ್ದ, ಇಪ್ಪತ್ನಾಲ್ಕು ಅಡಿ ಅಗಲ. ಮೂಲೆಗಳಿಗೆ ಬಿದಿರು ನೆಟ್ಟು, ಮುಸ್ತಾಕನ ಮನೆಯ ನಾಲ್ಕು ಹಳೆಯ ಸೀರೆಗಳನ್ನು ಗೋಡೆಯ ಹಾಗೆ ಕಟ್ಟಿದರು. ಪ್ರಿಯಾಂಕಾ ಕಿಟಕಿಯ ಒಳಗೆ ಕುರ್ಚಿ ಹಾಕಿಕೊಂಡು ಕೂತಳು. ಪರಶುರಾಮ ಪಾಯಿಂಟಿನ ಕಲ್ಲಿನ ಪಕ್ಕ ನಿಂತು ಎರಡೂ ಕೈ ಎತ್ತಿದ.

“ಕಾಣ್ತೀನೇನು?”

ಹೊರಗೆ ಬಂದು ನಿಂತಮೇಲಷ್ಟೇ ಮಗಳು ಉತ್ತರ ಕೊಟ್ಟಳು. “ಇಲ್ಲಪ್ಪ. ಸೀರಿ ಅಷ್ಟ ಕಾಣತೈತಿ.”

ಕೂತು ನೋಡಿದರೂ ಇಲ್ಲ, ನಿಂತು ನೋಡಿದರೂ ಇಲ್ಲ, ಸರಳಿಗೆ ಮುಖ ಒತ್ತಿ ನೋಡಿದರೂ ಇಲ್ಲ. ಪರಶುರಾಮ ಆ ಕಲ್ಲಿನ ಮೇಲೆ ಕೂತುಬಿಟ್ಟ. ಅಪ್ಪ ನಿಜ ಹೇಳಿದ್ದ ಎಂಬುದಕ್ಕೆ ಸಮಾಧಾನವಾಗುವುದರ ಬದಲು, ಹದಿನಾರರ ಹುಡುಗನ ಕೆನ್ನೆಗೆ ತಾನೇ ಹೊಡೆಯಬೇಕು ಅನ್ನಿಸಿತು. ಆ ಹುಡುಗ ಕೈಗೆ ಸಿಗುವ ಹಾಗಿರಲಿಲ್ಲ. ಸಿಗುವವರು ಗದಗದಲ್ಲಿದ್ದರು.

ಟ್ರಂಕು ತೆರೆದದ್ದು ಆಮೇಲೆ. ಒಂದು ವಾರ ಕೂತು ಒಂದೊಂದೇ ಹಾಳೆ ನೋಡಿದ. ತಳದಲ್ಲಿ, ಸಂಬಳದ ಚೀಟಿಗಳ ನಡುವೆ, ಸ್ಟೇಶನ್ನಿನ ನಕಾಶೆಯೊಂದು ಇತ್ತು. ಶೆಡ್ಡಿಗೆ ಹೊಸ ತಗಡು ಬೇಕೆಂದು ಕಂಪನಿಗೆ ಬರೆದ ಅರ್ಜಿಯ ಜೊತೆ ಮಾಸ್ತರರೇ ಶಾಯಿಯಲ್ಲಿ ಬರೆದದ್ದು. ಕಿಟಕಿ, ಶೆಡ್ಡು, ಪಾಯಿಂಟ್, ನಡುವಿನ ಅಡಿಗಳ ಲೆಕ್ಕ, ಕೆಳಗೆ ರುಜು, ಅರವತ್ತೊಂಬತ್ತರ ಜನವರಿಯ ತಾರೀಖು. ಹೊಲದಲ್ಲಿ ಅಳೆದದ್ದಕ್ಕೂ ಅದಕ್ಕೂ ಅರ್ಧ ಅಡಿಯ ಫರಕಿಲ್ಲ. ಪರಶುರಾಮ ಆ ಹಾಳೆಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿದ.

ನಂತರ ಕೆಲಸಕ್ಕೆ ಕೂತ. ಇಪ್ಪತ್ತು ಅಡಿ ಉದ್ದದ ಮೇಜಿನ ಹಿಂಬದಿಗೆ ಇಡೀ ಲೈನು ಸಣ್ಣದಾಗಿ, ಮುಂದೆ ಬನ್ನಿಕಟ್ಟಿ ದೊಡ್ಡದಾಗಿ. ಸೈಕಲ್ಲಿನ ಕಡ್ಡಿಗಳು ಹಳಿಗಳಾದವು. ಎಣ್ಣೆ ಡಬ್ಬಿಯ ತಗಡನ್ನು ಹಳೆಯ ಗೇರಿನ ಹಲ್ಲುಗಳ ನಡುವೆ ಹಾಯಿಸಿ ಶೆಡ್ಡಿನ ಮಡಿಕೆ ತಗಡು ಮಾಡಿದ. ಬನ್ನಿಕಟ್ಟಿಯ ಎರೆಮಣ್ಣನ್ನೇ ಜರಡಿ ಹಿಡಿದು ಅಂಟಿಸಿದ. ಪಾಯಿಂಟಿನ ಹಿಡಿಕೆಗೆ ಕಡುಗೆಂಪು ಬಣ್ಣ ಬಳಿದ. ಸ್ಟೇಶನ್ನಿನ ಹಿಂದಿನ ಗೋಡೆಯನ್ನು ಮಾತ್ರ ಕಟ್ಟದೆ ಬಿಟ್ಟ. ಅಲ್ಲಿ ಕಣ್ಣಿಟ್ಟರೆ ಮಾಸ್ತರರ ಕುರ್ಚಿಯಲ್ಲಿ ಕೂತ ಎತ್ತರದಿಂದ ಕಿಟಕಿಯಾಚೆ ಕಾಣುವ ಹಾಗೆ.

ಮಾಸ್ತರರ ಕ್ವಾರ್ಟರ್ಸಿನ ಗುರುತು ಮಾತ್ರ ಎಲ್ಲೂ ಸಿಗಲಿಲ್ಲ. ಅದಕ್ಕಾಗಿ ಧೀರೇಂದ್ರರು ತಮ್ಮ ತಾಯಿಯನ್ನು ಕೇಳಿ ಅಂದರು. ಎಂಬತ್ತಾರರ ತಾರಾಬಾಯಿಗೆ ಮೊಣಕಾಲು ಸೋತಿದ್ದವು, ತಲೆ ಚುರುಕಾಗಿತ್ತು. ಮಗ ಹೊರಗೆ ಹೋಗಿದ್ದ ಒಂದು ಮುಂಜಾನೆ ಪರಶುರಾಮ ಹೋಗಿ ಅವರೆದುರು ಕೂತ. ಅಡುಗೆಮನೆ ಎಲ್ಲಿ, ತುಳಸಿಕಟ್ಟೆ ಎಲ್ಲಿ, ಬಾವಿ ಎಷ್ಟು ಹೆಜ್ಜೆ, ಎಲ್ಲವನ್ನೂ ಅವರು ಪ್ರೀತಿಯಿಂದ ಹೇಳಿದರು. ಹಾಳು ಶೆಡ್ಡು ಅಡ್ಡ ಇದ್ದದ್ದರಿಂದ ಗಾಡಿ ಬರುವುದು ಹೊಗೆಯಿಂದಷ್ಟೇ ಗೊತ್ತಾಗುತ್ತಿತ್ತು ಅಂತಲೂ ಅಂದರು. ಅವನು ಬರೆದುಕೊಳ್ಳುತ್ತ, ತಲೆ ಎತ್ತದೆ ಕೇಳಿದ.

“ಕಟಗಿ ಎಲ್ಲಿ ಒಡಿಸ್ತಿದ್ರೀ?”

ಮುದುಕಿ ಅವನ ವಹಿಯ ಕಡೆ ನೋಡಿದರು. ಒಳಗೆಲ್ಲೋ ಕುಕ್ಕರ್ ಕೂಗಿ ನಿಂತಿತು.

“ಇದನ್ನ ಮಾಡೆಲ್ ಮಾಡೋರು ಕೇಳೂದಿಲ್ಲ,” ಅಂದರು. “ನೀ ಹುಲಗಪ್ಪನ ಮಗ ಹೌದಲ್ಲ?”

“ಹೌದ್ರಿ.”

ಅವರು ಹೇಳಿದರು. ಮರುದಿನ ಧೀರೇಂದ್ರನ ಮುಂಜಿವೆ. ನೂರು ಎಲೆಯ ಅಡುಗೆ, ಕಟ್ಟಿಗೆ ಇರಲಿಲ್ಲ. ಬೆಳಿಗ್ಗೆ ವ್ಯಾಗನ್ನಿನ ಕೆಲಸ ಮುಗಿದ ಕೂಡಲೇ ಮಾಸ್ತರರು ಹುಲಗಪ್ಪನನ್ನು ಹಿತ್ತಲಿಗೆ ಕಳಿಸಿದ್ದರು. ಪಾಯಿಂಟ್ ನಾನು ನೋಡಿಕೊಳ್ಳುತ್ತೇನೆ, ನೀನು ಕಟ್ಟಿಗೆ ಮುಗಿಸು ಎಂದು. ಬೀಗರು ಬಂದರು, ಮಾತು ಬೆಳೆಯಿತು, ಮಾಸ್ತರರು ಮರೆತರು. ಢಿಕ್ಕಿಯ ಸಪ್ಪಳವಾದಾಗ ಕೊಡಲಿ ಹುಲಗಪ್ಪನ ಕೈಯಲ್ಲೇ ಇತ್ತು.

“ನನ್ನ ಯಾರೂ ಕೇಳಲಿಲ್ಲೋ. ಕೇಳಿದ್ರ ಹೇಳ್ತಿದ್ದೆ.”

“ನಮ್ಮವ್ವ ಕೇಳಿದ್ಲಲ್ರಿ. ಹಣೀಗೆ ಅರಬಿ ಸುತ್ತಿಕೊಂಡು ನಿಮ್ಮ ಬಾಗಲಕ್ಕ ಬಂದಿದ್ಲು. ನಾ ಅಕೀ ಕೈ ಹಿಡಕೊಂಡಿದ್ನಿ.”

ತಾರಾಬಾಯಿ ತಮ್ಮ ಅಂಗೈಗಳನ್ನು ನೋಡಿಕೊಂಡರು. “ಹೌದು. ಬಾಗಲಾ ಹಾಕಿದೆ.” ಆಮೇಲೆ ಮೆಲ್ಲಗೆ ಕೇಳಿದರು, “ನಾ ಇರೂತನಕ ಇದು ಹೊರಗ ಬೀಳೂದು ಬ್ಯಾಡ. ಇನ್ನೆಷ್ಟು ದಿನ ಇರ್ತೀನಿ?”

ಪರಶುರಾಮ ವಹಿ ಮಡಚಿ, ನಮಸ್ಕಾರ ಮಾಡಿ ಎದ್ದ.

ಮನೆಯಲ್ಲಿ ಪ್ರಿಯಾಂಕಾಳಿಗೆ ಹೇಳಿದಾಗ ಅವಳು ಮುಖ ಸಣ್ಣದು ಮಾಡಿದಳು. ಮುದುಕಿ ಒಪ್ಪಿಕೊಂಡಾಯಿತಲ್ಲ, ಸ್ವಲ್ಪ ತಡೆದರೆ ಏನು ಹೋಗುತ್ತದೆ ಎಂಬುದು ಅವಳ ಮಾತು. ಅಜ್ಜ ಇಪ್ಪತ್ತೆರಡು ವರ್ಷ ತಡೆದ, ಅಜ್ಜಿ ನಲವತ್ತು ವರ್ಷ ತಡೆದಳು, ಇಬ್ಬರೂ ತಡೆಯುತ್ತಲೇ ಸತ್ತರು, ಆ ಮನೆಯವರಿಗೆ ಮಾತ್ರ ಯಾಕೆ ನೆಮ್ಮದಿಯ ಸಾವು ಸಿಗಬೇಕು ಎಂದು ಪರಶುರಾಮ ಕೇಳಿದ. ಅವಳು ನಕ್ಷೆಗಳನ್ನು ಸುತ್ತಿಡತೊಡಗಿದಳು. ಆದರೆ ಲಕ್ಷ್ಮೇಶ್ವರಕ್ಕೆ ಹೋಗಿ ಮೋತಿಬಿಯನ್ನು ಕಾರ್ಯಕ್ರಮಕ್ಕೆ ಕರೆದುಕೊಂಡು ಬಾ ಅಂದದ್ದಕ್ಕೆ ಒಪ್ಪಿದಳು. ಕಲ್ಲು ಬೀರಿದವಳು ಅದನ್ನು ನೋಡಲೇಬೇಕೆಂದು ಪರಶುರಾಮ ನಿಶ್ಚಯಿಸಿದ್ದ.

ಡಿಸೆಂಬರಿನ ಆ ದಿನ ಮಧ್ಯಾಹ್ನ ಸಭಾಭವನ ತುಂಬಿತ್ತು. ಮೊದಲ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ತಾರಾಬಾಯಿ. ಪರಶುರಾಮನನ್ನು ಕಂಡು ಅವರು ಮುಖ ತಿರುಗಿಸಲಿಲ್ಲ. ದಿಟ್ಟಿಸಿ ನೋಡುತ್ತಲೇ ಇದ್ದರು. ಮಗನಿಗೆ ಅವರು ಏನನ್ನೂ ಹೇಳಿರಲಿಲ್ಲ ಎಂಬುದು ಧೀರೇಂದ್ರರ ನಗುಮುಖದಿಂದಲೇ ತಿಳಿಯುತ್ತಿತ್ತು. ಮೇಜಿನ ಮೇಲಿನ ಬಟ್ಟೆ ಸರಿಸಿದಾಗ ಜನ ಎದ್ದು ನಿಂತರು. ನಮ್ಮೂರು ಅಗೋ, ಬಾವಿ ಇಗೋ ಎಂದು ಮುದುಕರು ಬೆರಳು ಮಾಡಿದರು. ಧೀರೇಂದ್ರರು ಅವನಿಗೆ ಶಾಲು ಹೊದಿಸಿ ಎರಡು ಮಾತಾಡಿ ಅಂದರು.

ಪರಶುರಾಮ ಶಾಲನ್ನು ಮಡಚಿ ಮೇಜಿನ ಅಂಚಿಗಿಟ್ಟ. ತನಗೆ ಮಾತು ಬರುವುದಿಲ್ಲ, ಸಾಹೇಬರೇ ತಮ್ಮ ಪುಸ್ತಕದ ನಲವತ್ತೊಂದನೆಯ ಪುಟ ಓದಲಿ ಅಂದ. ಧೀರೇಂದ್ರರು ಓದಿದರು, ಪಾಠ ಹೇಳಿ ಪಳಗಿದ ಗಂಟಲಿನಲ್ಲಿ. ಎರಡು ಜೀವಗಳು ಹೋಗಿದ್ದವು ಎಂಬಲ್ಲಿ ಸ್ವಲ್ಪ ನಿಂತರು ಕೂಡ.

“ಈಗ ಇಲ್ಲಿ ಬಂದು ಕುಂಡ್ರಿ. ಒಂದ ಕಣ್ಣು ಮುಚ್ಚಿ ನೋಡ್ರಿ. ಇದು ನಿಮ್ಮಪ್ಪಾರ ಕುರ್ಚಿ. ಕಿಟಕ್ಯಾಗ ಕೆಂಪು ಹಿಡಿಕಿ ಕಾಣತೈತೇನು?”

ಧೀರೇಂದ್ರರು ನಗುತ್ತಲೇ ಬಗ್ಗಿದರು. ನೋಡಿದರು. ಕತ್ತು ಹೊರಳಿಸಿ ಮತ್ತೆ ನೋಡಿದರು. ತಲೆ ಎತ್ತಿದಾಗ ನಗು ಇರಲಿಲ್ಲ.

“ಶೆಡ್ ಅಡ್ಡ ಬಂದದ. ನೀವು ಜಾಗಾ ತಪ್ಪೀರಿ.”

ಇದಕ್ಕೇ ಅವನು ಒಂಬತ್ತು ತಿಂಗಳು ಕಾದಿದ್ದ. ಗಾಜಿನ ಚೌಕಟ್ಟನ್ನು ಎತ್ತಿ ಅವರ ಕೈಗೆ ಕೊಟ್ಟ. ಬುನಾದಿಯ ಅಳತೆ, ನಕ್ಷೆ ಎಲ್ಲ ಆಮೇಲೆ ನೋಡಿ, ಮೊದಲು ಈ ರುಜು ಯಾರದೆಂದು ಸಭೆಗೆ ಹೇಳಿ ಅಂದ. ಧೀರೇಂದ್ರರು ಅದನ್ನು ಸಭೆಗೆ ಕಾಣದಂತೆ ಎದೆಗೆ ತಿರುಗಿಸಿ ಹಿಡಿದರು.

“ನಾನು ಹುಲಗಪ್ಪನ ಮಗ,” ಅಂದ ಪರಶುರಾಮ. ದನಿ ಏರಿಸಲಿಲ್ಲ. “ನಿಮ್ಮಪ್ಪಾರಿಗೆ ಅಂದು ಕಂಡಿದ್ದು ತಗಡಿನ ಗೋಡಿ. ಅದನ್ನ ನೋಡಿಕೋತ ನಮ್ಮಪ್ಪನ್ನ ಜೈಲಿಗೆ ಕಳಿಸಿದ್ರು. ಆವತ್ತ ನಮ್ಮಪ್ಪ ಎಲ್ಲಿದ್ದ ಅನ್ನೂದು ಈ ಸಭಾದಾಗ ಒಬ್ಬರಿಗೆ ಗೊತ್ತೈತಿ.”

ಅವನು ತಾರಾಬಾಯಿಯ ಕಡೆ ನೋಡಿದ. ಇಡೀ ಸಭೆ ನೋಡಿತು. ಮಗ ಬೇಡವೆಂಬಂತೆ ಕೈ ಅಡ್ಡ ಮಾಡಿದರು. ಮುದುಕಿ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

“ನಮ್ಮ ಹಿತ್ತಲದಾಗ ಇದ್ದ. ಕಟಗಿ ಒಡೀಲಿಕ್ಕೆ ನಾವ ಹಚ್ಚಿದ್ವಿ. ಕುಡದಿರಲಿಲ್ಲ.”

ಮೈಕು ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಪರಶುರಾಮನ ಮೈಯಲ್ಲಿ ಬಿಸಿ ಏರಿತು, ಹಸಿದವನಿಗೆ ಮೊದಲ ತುತ್ತು ಇಳಿದಂತೆ. ಜನ ಸಾಲಾಗಿ ಬಂದು ಒಬ್ಬೊಬ್ಬರಾಗಿ ಕಿಟಕಿಯಲ್ಲಿ ಕಣ್ಣಿಟ್ಟು, ಏಳುವಾಗ ಧೀರೇಂದ್ರರ ಕಡೆ ನೋಡಿ ಹೋಗುತ್ತಿದ್ದರು. ಆ ಒಂದೊಂದು ನೋಟವನ್ನೂ ಅವನು ನಿಂತು ಸವಿದ. ಅಪ್ಪನನ್ನು ಜನ ಇಪ್ಪತ್ತೆರಡು ವರ್ಷ ನೋಡಿದ್ದು ಇದೇ ಕಣ್ಣುಗಳಿಂದ.

ಕೊನೆಗೆ ಪ್ರಿಯಾಂಕಾಳ ತೋಳು ಹಿಡಿದು ಮೋತಿಬಿ ಬಂದಳು. ಎಪ್ಪತ್ತೈದರ ಬಾಗಿದ ಹೆಂಗಸು. ಕಣ್ಣಿಟ್ಟು ನೋಡಿ ಎದ್ದಳು. ಅವಳ ಬಾಯಿಂದ ಒಂದು ಮಾತು ಬರಲಿ ಎಂದು ಪರಶುರಾಮ ಕಾದ; ಅವ್ವನ ಹಣೆಯ ಕಲೆಗೆ ಅಷ್ಟಾದರೂ ಸಲ್ಲಬೇಕಿತ್ತು. ಅವಳು ಮೇಜಿನ ಸುತ್ತ ಬಂದು ಪಕ್ಕದ ಹಳಿಯ ಮುಂದೆ ನಿಂತಳು. ಅಲ್ಲಿ ಸಣ್ಣ ವ್ಯಾಗನ್ನುಗಳು, ಲಕ್ಷ್ಮೇಶ್ವರದ ಅರಳೆಯಿಂದಲೇ ಮಾಡಿದ ಗಂಟುಗಳು ಇದ್ದವು.

“ನಮ್ಮವ್ರು ಎಲ್ಲಿ ನಿಂತಿದ್ರು?”

ಒಂಬತ್ತು ತಿಂಗಳಲ್ಲಿ ಅವನು ಮೋರಿಯ ಕಲ್ಲು ಎಣಿಸಿದ್ದ, ಬಾವಿಯ ಗಡಗಡಿ ಮಾಡಿದ್ದ, ತುಳಸಿಯ ಗಿಡಕ್ಕೆ ಎಲೆ ಅಂಟಿಸಿದ್ದ. ಸತ್ತ ಇಬ್ಬರು ಎಲ್ಲಿ ನಿಂತಿದ್ದರು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಮಾಸ್ತರರ ಹಾಗೆ ಅವನಿಗೂ ಆ ಇಬ್ಬರ ಹೆಸರು ಹುಲಗಪ್ಪನ ಮಾತು ಬಂದಾಗಷ್ಟೇ ನೆನಪಾಗುತ್ತಿತ್ತು.

ಅಂದಾಜಿನ ಮೇಲೆ ವ್ಯಾಗನ್ನಿಗೂ ಶೆಡ್ಡಿಗೂ ನಡುವಿನ ಜಾಗವನ್ನು ಬೆರಳಿನಿಂದ ತೋರಿಸಿದ. ಎರಡು ಬೆರಳು ಹಿಡಿಯುವಷ್ಟು ಜಾಗ. ಮೋತಿಬಿ ತನ್ನ ಬೆರಳನ್ನೂ ಅಲ್ಲಿ ಇಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ.

ಸಭಾಭವನಕ್ಕೆ ಹಾಕಬೇಕಿದ್ದ ಹೆಸರಿನ ಫಲಕ ಗೋಡೆಗೆ ಏರಲಿಲ್ಲ. ನಾಲ್ಕು ದಿನದ ಮೇಲೆ ಧೀರೇಂದ್ರರು ಒಬ್ಬರೇ ಬೆಟಗೇರಿಗೆ ಬಂದರು. ಗಡ್ಡ ಬೆಳೆದಿತ್ತು. ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಊಟಕ್ಕೆ ಮಾತ್ರ ಹೂಂ ಅನ್ನುತ್ತಾರೆ ಎಂದರು. ಉಳಿದಿದ್ದ ಪುಸ್ತಕಗಳನ್ನೆಲ್ಲ ಸುಟ್ಟುಬಿಟ್ಟೆ, ಇನ್ನು ಆ ಮಾದರಿಯನ್ನು ಅಲ್ಲಿಂದ ತೆಗೆಸಬಹುದೇ ಎಂದು ಕೇಳಿದರು.

“ಸುಟ್ರ ಆಗೂದಿಲ್ರಿ. ಬರೀರಿ. ಅದ ಪುಟ ಮತ್ತೊಮ್ಮೆ ಬರೀರಿ, ಅಚ್ಚ ಹಾಕಸ್ರಿ, ಪುಸ್ತಕ ಯಾರ್‍ಯಾರಿಗೆ ಕೊಟ್ಟೀರಿ ಅವರಿಗೆಲ್ಲಾ ಮುಟ್ಟಸ್ರಿ.”

ಧೀರೇಂದ್ರರು ಅಂಗಳದ ಕಡೆ ನೋಡುತ್ತ ಕೂತರು. “ನನಗ ಹನ್ನೊಂದು ವರ್ಷ ಆಗ. ಕೊಡಲಿ ಸಪ್ಪಳ ನೆನಪದ,” ಎಂದರು. “ಢಿಕ್ಕಿ ಆದಮ್ಯಾಲೆ ನಿಂತತು. ಅಪ್ಪ, ಅದು ಬ್ಯಾರೆ ದಿನ, ನಿನಗ ತಪ್ಪು ನೆನಪು ಅಂತ ಹೇಳಿದ್ರು. ನಾನೂ ಹಂಗ ಅನಕೊಂಡೆ.”

ಪರಶುರಾಮನಿಗೆ ಕರುಣೆ ಬರಲಿಲ್ಲ. ಬರಬಹುದೇನೋ ಎಂದು ಒಂದು ಕ್ಷಣ ತನ್ನೊಳಗೆ ಹುಡುಕಿದ, ಇರಲಿಲ್ಲ. ಸಪ್ಪಳ ಕೇಳಿದ್ದನ್ನೂ ಬರೆಯಿರಿ ಎಂದು ಹೇಳಿ ಕಳಿಸಿದ.

ಪುಟ ತಕ್ಷಣ ಬರಲಿಲ್ಲ. ಪರಶುರಾಮ ತಿಂಗಳಿಗೊಮ್ಮೆ ಅಂಚೆಯಲ್ಲಿ ಧೀರೇಂದ್ರರಿಗೆ ಒಂದು ಫೋಟೋ ಕಳಿಸುತ್ತಿದ್ದ, ಜೊತೆಗೆ ಒಂದಕ್ಷರವಿಲ್ಲದೆ: ಮಾದರಿಯ ಕಿಟಕಿಯಿಂದ ತೆಗೆದ ತಗಡಿನ ಗೋಡೆಯ ಫೋಟೋ. ಐದನೆಯದು ಹೋದ ಮೇಲೆ ಅಚ್ಚಾದ ಹಾಳೆಯೊಂದು ಬೆಟಗೇರಿಗೆ ಬಂತು. ಹುಲಗಪ್ಪನ ಹೆಸರು, ಕಟ್ಟಿಗೆ, ಮುಂಜಿವೆ, ಕೊಡಲಿಯ ಸಪ್ಪಳ, ಎಲ್ಲ ಇತ್ತು. ಸತ್ತವರ ಹೆಸರು ಇರಲಿಲ್ಲ. ಪರಶುರಾಮ ಹಾಳೆಯನ್ನು ವಾಪಸ್ ಕಳಿಸಿದ. ಈ ಬಾರಿ ಅಂಚಿನಲ್ಲಿ ಎರಡು ಹೆಸರು ಬರೆದ: ಮಕ್ತುಮಸಾಬ, ಫಕ್ಕೀರಪ್ಪ.

ಅದೇ ವಾರ ಅವನು ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಮೋತಿಬಿಯ ಮನೆಯ ಮುಂದೆ ಚಪ್ಪಲಿ ಬಿಟ್ಟು, ವಹಿ ಪೆನ್ಸಿಲು ತೆಗೆದು ಕೂತ. ಕಲ್ಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳು ಚಹಾ ಕೊಟ್ಟಳು. ಮಾದರಿಯಲ್ಲಿ ನಿಲ್ಲಿಸಬೇಕು, ನಿಮ್ಮವರು ಎಷ್ಟು ಎತ್ತರ ಇದ್ದರು, ತಲೆಗೆ ಏನು ಸುತ್ತುತ್ತಿದ್ದರು, ಗಂಟು ಯಾವ ಹೆಗಲ ಮೇಲೆ ಹೊರುತ್ತಿದ್ದರು ಎಂದು ಅವನು ಕೇಳಿದ.

“ಎಡಗಡೆ,” ಅಂದಳು ಮೋತಿಬಿ. “ಬಲಗೈಲೆ ಬೀಡಿ ಹಿಡೀತಿದ್ರು. ಬರಕೋ.”

ಅವನು ಬರೆದುಕೊಂಡ.